ಹಕ್ಕಿಯಂಥ ಡೈನೊಸಾರ್‌ಗಳನ್ನು ಗುಂಪು ಮಾಡುವುದು ಹೇಗೆ: ಒಂದು ಮಣಿಕಟ್ಟಿನಿಂದ ವಂಶವೃಕ್ಷದವರೆಗೆ

ನೆದರ್‌ಲೆಂಡ್ಸ್‌ನ ಹಾರ್ಲೆಮ್‌ನಲ್ಲಿರುವ ಟೇಲರ್ಸ್ ಮ್ಯೂಸಿಯಂನಲ್ಲಿ ಸುಣ್ಣಕಲ್ಲಿನ ಒಂದು ಹಲಗೆಯಿದೆ. ಅದರಲ್ಲಿ ಕೆಲವು ತೆಳು ಮೂಳೆಗಳು ಮಾತ್ರ ಇವೆ. 1857ರಲ್ಲಿ ಹರ್ಮನ್ ಫಾನ್ ಮೇಯರ್ ಅದನ್ನು ಟೆರೊಸಾರ್, ಅಂದರೆ ಹಾರುವ ಸರೀಸೃಪ ಎಂದರು. 1970ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜಾನ್ ಆಸ್ಟ್ರಮ್ ಅದನ್ನೇ ನೋಡಿ, ಇದು ‘ಮೊದಲ ಹಕ್ಕಿ’ ಎಂದು ಹೆಸರಾದ ಆರ್ಕಿಯಾಪ್ಟೆರಿಕ್ಸ್ ಎಂದರು. 2017ರಲ್ಲಿ ಕ್ರಿಸ್ಟಿಯನ್ ಫೋತ್ ಮತ್ತು ಆಲಿವರ್ ರೌಹುಟ್, ಇದು ಆರ್ಕಿಯಾಪ್ಟೆರಿಕ್ಸ್ ಅಲ್ಲ, ಚೀನಾದ ಹಕ್ಕಿಯಂಥ ಡೈನೊಸಾರ್ ಆಂಕಿಯಾರ್ನಿಸ್‌ನ ಬಂಧು ಎಂದು ತೋರಿಸಿ ಆಸ್ಟ್ರೋಮಿಯಾ ಎಂಬ ಹೊಸ ಹೆಸರಿಟ್ಟರು. ಒಂದೇ ಕಲ್ಲಿಗೆ 160 ವರ್ಷಗಳಲ್ಲಿ ಮೂರು ವಿಳಾಸ.

ಇಂಥ ವಿಳಾಸ ಬರೆಯುವ ಕೆಲಸ ಹೇಗೆ ನಡೆಯುತ್ತದೆ, ನೀವೇ ಕೂತು ಸಣ್ಣ ಮಟ್ಟದಲ್ಲಿ ಮಾಡಿ ನೋಡುವುದು ಹೇಗೆ ಎನ್ನುವುದು ಈ ಲೇಖನದ ವಿಷಯ. ಬೇಕಾಗುವುದು ಚೌಕದ ಹಾಳೆ, ಪೆನ್ಸಿಲ್, ರಬ್ಬರ್ ಮತ್ತು ಅಸ್ಥಿಪಂಜರಗಳ ಒಳ್ಳೆಯ ಚಿತ್ರಗಳು. ರಬ್ಬರ್ ದೊಡ್ಡದೇ ಇರಲಿ.

ಹಂತ 1: ಹೋಲಿಕೆ ಹಳೆಯದೋ ಹೊಸದೋ ಕೇಳಿ

ಎರಡು ಪ್ರಾಣಿಗಳು ಹೋಲುತ್ತವೆ ಎಂದ ಮಾತ್ರಕ್ಕೆ ಅವು ಹತ್ತಿರದ ಬಂಧುಗಳಲ್ಲ. ಆ ಹೋಲಿಕೆ ಎಲ್ಲಿಂದ ಬಂತು ಎಂಬುದು ಮುಖ್ಯ. ಜರ್ಮನಿಯ ಕೀಟತಜ್ಞ ವಿಲ್ಲಿ ಹೆನಿಗ್ 1950ರಲ್ಲಿ ಈ ಮಾತನ್ನು ಒಂದು ಪದ್ಧತಿಯಾಗಿಸಿದರು. 1966ರಲ್ಲಿ ಅದು ಇಂಗ್ಲಿಷಿಗೆ ಬಂದ ಮೇಲೆ ಜಗತ್ತಿನೆಲ್ಲೆಡೆ ಹಬ್ಬಿತು. ಇವತ್ತು ಅದರ ಹೆಸರು ಕ್ಲ್ಯಾಡಿಸ್ಟಿಕ್ಸ್. ಅದರ ತಿರುಳು ಇಷ್ಟು: ಒಂದು ಗುಂಪಿನ ಪೂರ್ವಜನಲ್ಲಿ ಹೊಸದಾಗಿ ಹುಟ್ಟಿ, ಅದರ ಸಂತತಿಗೆ ಮಾತ್ರ ಇಳಿದುಬಂದ ಲಕ್ಷಣವಷ್ಟೇ ಆ ಗುಂಪಿಗೆ ಸಾಕ್ಷಿ. ಇಂಥದ್ದಕ್ಕೆ ಸೈನಪೊಮಾರ್ಫಿ ಎನ್ನುತ್ತಾರೆ. ಕನ್ನಡದಲ್ಲಿ ‘ಹಂಚಿಕೊಂಡ ಹೊಸ ಲಕ್ಷಣ’ ಎಂದರೆ ಸಾಕು.

ಮುತ್ತಜ್ಜನ ಕಾಲದಿಂದ ಬಂದ ಹೋಲಿಕೆಗೆ ಇಲ್ಲಿ ಬೆಲೆಯಿಲ್ಲ. ಟೊಳ್ಳು ಮೂಳೆ ನೋಡಿ. ವೆಲೋಸಿರಾಪ್ಟರ್‌ಗೂ ಇದೆ, ಹಕ್ಕಿಗೂ ಇದೆ. ಆದರೆ ಥೆರೋಪಾಡ್‌ಗಳ, ಅಂದರೆ ಹಿಂಗಾಲಲ್ಲಿ ನಡೆಯುತ್ತಿದ್ದ, ಬಹುಪಾಲು ಮಾಂಸಾಹಾರಿ ಡೈನೊಸಾರ್‌ಗಳ ಬುಡದಲ್ಲಿರುವ ಸೀಲೊಫೈಸಿಸ್‌ಗೂ ಇದೆ. ಹಾಗಾಗಿ ವೆಲೋಸಿರಾಪ್ಟರ್ ಮತ್ತು ಹಕ್ಕಿಯನ್ನು ಮಾತ್ರ ಒಟ್ಟು ಸೇರಿಸಲು ಅದನ್ನು ಸಾಕ್ಷಿ ಕರೆಯಲಾಗದು.

ಅಪೂರ್ಣ ಮಾಹಿತಿ ನಂಬಿ ಈ ಪ್ರಶ್ನೆಗೆ ಉತ್ತರಿಸಿದ್ದರಿಂದ ಇಡೀ ಕ್ಷೇತ್ರವೇ ಅರ್ಧ ಶತಮಾನ ಹಿಂದೆ ಬಿತ್ತು. ಥಾಮಸ್ ಹಕ್ಸ್‌ಲಿ 1868ರಲ್ಲೇ ಕಾಂಪ್ಸೊಗ್ನೇಥಸ್ ಎಂಬ ಪುಟ್ಟ ಡೈನೊಸಾರ್ ಮತ್ತು ಆರ್ಕಿಯಾಪ್ಟೆರಿಕ್ಸ್ ಅನ್ನು ಹೋಲಿಸಿ, ಹಕ್ಕಿಗೂ ಡೈನೊಸಾರ್‌ಗೂ ನಂಟಿದೆ ಎಂದಿದ್ದರು. ಡೆನ್ಮಾರ್ಕಿನ ಕಲಾವಿದ ಗೆರ್‌ಹಾರ್ಡ್ ಹೈಲ್‌ಮನ್ 1926ರ ಪುಸ್ತಕದಲ್ಲಿ ಆ ಹೋಲಿಕೆಗಳನ್ನೆಲ್ಲ ಒಪ್ಪಿಯೂ ಒಂದು ಆಕ್ಷೇಪ ಎತ್ತಿದರು: ಡೈನೊಸಾರ್‌ಗಳಿಗೆ ಕೊರಳೆಲುಬು ಇಲ್ಲ, ಹಕ್ಕಿಗಿದೆ, ಕಳೆದುಹೋದ ಮೂಳೆ ಮತ್ತೆ ಹುಟ್ಟದು, ಆದ್ದರಿಂದ ಹಕ್ಕಿ ಡೈನೊಸಾರ್‌ನಿಂದ ಬಂದಿಲ್ಲ. ತರ್ಕ ಸರಿಯಾಗೇ ಇತ್ತು, ಮಾಹಿತಿ ಮಾತ್ರ ಅಪೂರ್ಣ. ಎರಡು ವರ್ಷ ಮುಂಚೆ, 1924ರಲ್ಲಿ, ವಿವರಿಸಲಾದ ಓವಿರಾಪ್ಟರ್‌ನ ಎದೆಯಲ್ಲಿ ಆ ಮೂಳೆ ಇದ್ದೇ ಇತ್ತು. ಅದಕ್ಕೆ ಬೇರೆ ಹೆಸರು ಬರೆದಿದ್ದರಷ್ಟೆ. ‘ಸಿಕ್ಕಿಲ್ಲ’ ಮತ್ತು ‘ಇಲ್ಲ’ ಇವೆರಡರ ನಡುವಿನ ವ್ಯತ್ಯಾಸ ಈ ಕೆಲಸದಲ್ಲಿ ಪ್ರಾಣದಷ್ಟು ದೊಡ್ಡದು. ಹಂತ 4ರಲ್ಲಿ ಇದು ಮತ್ತೆ ಬರುತ್ತದೆ.

ಹಂತ 2: ಪ್ರಾಣಿಗಳನ್ನು ಆರಿಸಿ, ಹೊರಗಿನವನೊಬ್ಬನನ್ನು ಸೇರಿಸಿ

ಐದಾರು ಪ್ರಾಣಿ ಸಾಕು. ಒಂದು ಮಾತ್ರ ಗುಂಪಿಗೆ ಹೊರಗಿನದು ಎಂದು ಖಚಿತವಾಗಿ ಗೊತ್ತಿರಬೇಕು. ಇದು ಹೊರಗುಂಪು. ಯಾವ ಸ್ಥಿತಿ ಹಳೆಯದು, ಯಾವುದು ಹೊಸದು ಎಂದು ತೀರ್ಮಾನಿಸಲು ಇದೇ ಅಳತೆಗೋಲು. ನಾನು ಬಳಸುವುದು ಅಲೋಸಾರಸ್: ದೊಡ್ಡ ಥೆರೋಪಾಡ್, ಎಲ್ಲ ಮೂಳೆಗಳೂ ಚೆನ್ನಾಗಿ ಗೊತ್ತಿವೆ, ಹಕ್ಕಿಯ ಕವಲಿನಿಂದ ಸಾಕಷ್ಟು ದೂರ.

ಉಳಿದ ಐದು: ಮಂಗೋಲಿಯಾದ ಸಿಟಿಪಾಟಿ (ಗೂಡಿನ ಮೊಟ್ಟೆಗಳ ಮೇಲೆ ಕೂತ ಭಂಗಿಯಲ್ಲೇ ಸಿಕ್ಕ ಓವಿರಾಪ್ಟರ್ ಬಳಗದ ಪ್ರಾಣಿ), ವೆಲೋಸಿರಾಪ್ಟರ್, ಚೀನಾದ ಸಿನೊವೆನೇಟರ್ (ಟ್ರೂಡಾನ್ ಬಳಗ, 2002ರಲ್ಲಿ ಹೆಸರಿಟ್ಟದ್ದು), ಜರ್ಮನಿಯ ಆರ್ಕಿಯಾಪ್ಟೆರಿಕ್ಸ್ ಮತ್ತು ಚೀನಾದ ಕನ್ಫ್ಯೂಷಿಯಸಾರ್ನಿಸ್. ಕೊನೆಯದು ಕೊಕ್ಕು, ಮೋಟು ಬಾಲದ ಹಕ್ಕಿಯೇ. ಅದರ ಬಗ್ಗೆ ಯಾರಿಗೂ ತಕರಾರಿಲ್ಲ.

ಹಂತ 3: ಎಲ್ಲಿ ನೋಡಬೇಕು

ತಲೆಬುರುಡೆ ಕಣ್ಣಿಗೆ ಮೊದಲು ಬೀಳುತ್ತದೆ, ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ನನ್ನ ಸಲಹೆ: ಮಣಿಕಟ್ಟಿನಿಂದ ಶುರುಮಾಡಿ.

ನಿಮ್ಮ ಕೈ ಚಾಚಿ. ಅಂಗೈ ಕೆಳಗಿರಲಿ. ಈಗ ಮುಂಗೈ ಅಲುಗಿಸದೆ ಹಸ್ತವನ್ನು ಕಿರುಬೆರಳಿನ ಕಡೆಗೆ ತಿರುಗಿಸಿ. ಸ್ವಲ್ಪ ಹೋಗಿ ನಿಂತುಬಿಡುತ್ತದೆ. ಪಾರಿವಾಳ ಕೂತು ರೆಕ್ಕೆ ಮಡಚುವಾಗ ಇದೇ ದಿಕ್ಕಿನಲ್ಲಿ ಅದರ ಹಸ್ತ ಹಿಂದಕ್ಕೆ ಹೋಗಿ ಮುಂಗೈಗೆ ಒರಗುತ್ತದೆ. ಇದನ್ನು ಸಾಧ್ಯವಾಗಿಸುವುದು ಮಣಿಕಟ್ಟಿನ ಒಂದು ಮೂಳೆ. ಅರ್ಧಚಂದ್ರದ ಆಕಾರ, ಮೇಲ್ಮೈಯಲ್ಲಿ ರಾಟೆಯ ಗಾಲಿಯಲ್ಲಿರುವಂಥ ತೋಡು. ಹಸ್ತ ಆ ತೋಡಿನ ಮೇಲೆ ಜಾರುತ್ತದೆ. 1964ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಸಿಕ್ಕ, ವೆಲೋಸಿರಾಪ್ಟರ್‌ನ ಬಂಧುವಾದ ಡೈನೊನಿಕಸ್‌ನಲ್ಲಿ ಆಸ್ಟ್ರಮ್ ಕಂಡದ್ದು ಇದೇ ಮೂಳೆಯನ್ನು. ಆರ್ಕಿಯಾಪ್ಟೆರಿಕ್ಸ್‌ನಲ್ಲೂ ಅದೇ ಆಕಾರ ಕಂಡಾಗ ಹಕ್ಸ್‌ಲಿಯ ಹಳೆಯ ಮಾತಿಗೆ ಮರುಜೀವ ಬಂತು. ಬೇಟೆ ಹಿಡಿಯುವ ಕೈಯಲ್ಲಿ ಹುಟ್ಟಿದ ಕೀಲು ಆಮೇಲೆ ರೆಕ್ಕೆ ಮಡಚಲು ಒದಗಿತು. 1986ರಲ್ಲಿ ಜಾಕ್ ಗೋತಿಯೆ ಇಂಥ ಕೈಯ ಪ್ರಾಣಿಗಳಿಗೆ ಮನಿರಾಪ್ಟೊರಾ ಎಂದು ಹೆಸರಿಟ್ಟರು. ‘ಕೈಯಿಂದ ಕಸಿಯುವವು’ ಎಂದು ಅರ್ಥ.

ಇಲ್ಲೊಂದು ಎಚ್ಚರಿಕೆ. ಅರೆಚಂದ್ರದ ಛಾಯೆ ಅಲೋಸಾರಸ್‌ನ ಮಣಿಕಟ್ಟಿನಲ್ಲೂ ಇದೆ. ‘ಅರ್ಧಚಂದ್ರ ಇದೆಯೇ’ ಎಂದು ಕೇಳಿದರೆ ಅದಕ್ಕೂ ವೆಲೋಸಿರಾಪ್ಟರ್‌ಗೂ ಹೌದು ಬರುತ್ತದೆ. ‘ತೋಡು ಸ್ಪಷ್ಟವಾಗಿ ಮೂಡಿದ ಪೂರ್ಣ ರಾಟೆಯೇ’ ಎಂದು ಕೇಳಬೇಕು. ಲಕ್ಷಣ ಹಂತಹಂತವಾಗಿ ಬೆಳೆದಿರುತ್ತದೆ, ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದು ನಿಮ್ಮ ಹೊಣೆ.

ಮಣಿಕಟ್ಟಿನ ನಂತರ ಭುಜ ಮತ್ತು ಸೊಂಟ. ತೋಳು ಕೂರುವ ಗುಳಿ ಕೆಳಗೆ, ಹಿಂದಕ್ಕೆ ಮುಖಮಾಡಿದೆಯೋ ಅಥವಾ ಪಕ್ಕಕ್ಕೆ ತಿರುಗಿದೆಯೋ? ಪಕ್ಕಕ್ಕೆ ತಿರುಗಿದ್ದರೆ ತೋಳನ್ನು ಮೇಲಕ್ಕೆ, ಹೊರಕ್ಕೆ ಬೀಸಬಹುದು. ಸೊಂಟದಲ್ಲಿ ಕೆಳಕ್ಕೆ ಚಾಚುವ ಪ್ಯೂಬಿಸ್ ಎಂಬ ಮೂಳೆ ಅಲೋಸಾರಸ್‌ನಲ್ಲಿ ಮುಂದಕ್ಕೆ ಚಾಚಿದೆ, ವೆಲೋಸಿರಾಪ್ಟರ್‌ನಲ್ಲಿ ಹಿಂದಕ್ಕೆ ವಾಲಿದೆ. ಇವೆರಡೂ ಪರಾವೀಸ್ ಎಂಬ ಗುಂಪನ್ನು ಗುರುತಿಸಲು ನೆರವಾಗುತ್ತವೆ. ಹಕ್ಕಿಗಳು ಮತ್ತು ಅವುಗಳ ತೀರಾ ಹತ್ತಿರದ ಬಂಧುಗಳಿಗೆ ಪಾಲ್ ಸೆರೆನೊ 1997ರಲ್ಲಿ ಕೊಟ್ಟ ಹೆಸರದು. ಆದರೆ ಪ್ಯೂಬಿಸ್ ಹಿಂದಕ್ಕೆ ತಿರುಗುವುದು ದೊಡ್ಡ ಹೊಟ್ಟೆಯ, ಸೊಪ್ಪು ತಿನ್ನುವ ಥೆರಿಜಿನೋಸಾರ್‌ಗಳಲ್ಲೂ ಆಗಿದೆ, ಪ್ರತ್ಯೇಕವಾಗಿ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಪಾದ. ಎರಡನೇ ಬೆರಳಿನ ಕೀಲು ಎಷ್ಟು ಮೇಲಕ್ಕೆ ಮಡಚುತ್ತದೆ? ಡ್ರೋಮಿಯೋಸಾರ್ (ವೆಲೋಸಿರಾಪ್ಟರ್ ಸೇರಿರುವುದು) ಮತ್ತು ಟ್ರೂಡಾನ್ ಬಳಗಗಳಲ್ಲಿ ಈ ಬೆರಳು ನೆಲ ಮುಟ್ಟದಂತೆ ಎತ್ತಿ ಹಿಡಿಯಬಹುದಾದದ್ದು, ತುದಿಯಲ್ಲಿ ಕುಡುಗೋಲಿನಂಥ ಉಗುರು. ಸಿನಿಮಾಗಳಿಂದ ಎಲ್ಲರಿಗೂ ಗೊತ್ತಿರುವುದು ಉಗುರು. ವರ್ಗೀಕರಣಕ್ಕೆ ಹೆಚ್ಚು ಹೇಳುವುದು ಉಗುರಿನ ಹಿಂದಿನ ಗೆಣ್ಣು. ಅದರ ಕೀಲಿನ ಮೇಲ್ಭಾಗ ಎಷ್ಟು ಹಿಂದಕ್ಕೆ ಹರಡಿದೆ ನೋಡಿ.

ಇನ್ನು ಒಳಗಿನ ಗುಂಪುಗಳಿಗೆ ಬೇರೆ ಜಾಗ ನೋಡಬೇಕು. ವೆಲೋಸಿರಾಪ್ಟರ್, ಡೈನೊನಿಕಸ್‌ಗಳ ಬಾಲದ ಮಣಿಗಳಿಂದ ತೆಳ್ಳನೆಯ ಸಲಾಕೆಗಳು ಹೊರಟು ಮುಂದಿನ ಹಲವು ಮಣಿಗಳನ್ನು ದಾಟಿ ಹೋಗುತ್ತವೆ. ಬಾಲವನ್ನು ಕಂತೆ ಕಟ್ಟಿ ಬಿಗಿದಂತೆ ಕಾಣುತ್ತದೆ. ಇದು ಡ್ರೋಮಿಯೋಸಾರ್‌ಗಳ ಗುರುತು, ಆದರೆ ಅರ್ಜೆಂಟೀನಾದ ಬ್ಯುಟ್ರೆರಾಪ್ಟರ್‌ನಲ್ಲಿ ಇಲ್ಲ. ಟ್ರೂಡಾನ್ ಬಳಗದಲ್ಲಿ ಕೆಳದವಡೆಯ ಮುಂದಿನ ಹಲ್ಲುಗಳು ಚಿಕ್ಕವು, ಒತ್ತೊತ್ತಾಗಿರುತ್ತವೆ. ದವಡೆಯ ಹೊರಮೈಯಲ್ಲಿ ಹಿಂದಕ್ಕೆ ಹೋದಂತೆ ಅಗಲವಾಗುವ ಒಂದು ಕಾಲುವೆ. ಪಾದದ ಉದ್ದ ಮೂಳೆಗಳಲ್ಲಿ ಒಳಗಡೆಯದು ಕೃಶ, ಹೊರಗಡೆಯದು ದಪ್ಪ. ಓವಿರಾಪ್ಟರ್ ಬಳಗಕ್ಕೆ ಮೋಟು, ಎತ್ತರದ ತಲೆಬುರುಡೆ ಮತ್ತು ಕೆಳದವಡೆಯಲ್ಲಿ ದೊಡ್ಡ ಕಿಂಡಿ.

ಗರಿ? ಅದನ್ನು ಎಲ್ಲರೂ ಮೊದಲು ಕೇಳುತ್ತಾರೆ. 1996ರಲ್ಲಿ ಸಿನೊಸಾರಾಪ್ಟೆರಿಕ್ಸ್ ಎಂಬ ತುಪ್ಪಳದ ಡೈನೊಸಾರ್ ಪ್ರಕಟವಾದಂದಿನಿಂದ ಗರಿ ಅಥವಾ ತುಪ್ಪಳ ಹಕ್ಕಿಯ ಗುರುತಾಗಿ ಉಳಿದಿಲ್ಲ. ನಡುದಂಟು ಇರುವ ಅಗಲ ಗರಿಯೂ ಓವಿರಾಪ್ಟರ್ ಬಳಗದ ಕೌಡಿಪ್ಟೆರಿಕ್ಸ್‌ನಲ್ಲಿ (1998) ಸಿಕ್ಕಿತು. ಆ ಗರಿ ಓವಿರಾಪ್ಟರ್ ಬಳಗ ಮತ್ತು ಪರಾವೀಸ್ ಎರಡನ್ನೂ ಸೇರಿಸುವ ದೊಡ್ಡ ಗುಂಪಿನ ಲಕ್ಷಣ. ಆ ಗುಂಪಿನ ಹೆಸರೇ ಪೆನ್ನರಾಪ್ಟೊರಾ. ಹಕ್ಕಿಯನ್ನು ಅದರ ಬಂಧುಗಳಿಂದ ಬೇರೆ ಮಾಡಲು ಗರಿಯಿಂದ ಏನೂ ಪ್ರಯೋಜನವಿಲ್ಲ.

ಹಂತ 4: ಲಕ್ಷಣವನ್ನು ಪ್ರಶ್ನೆ ಮಾಡಿ, ಉತ್ತರವನ್ನು ಅಂಕಿ ಮಾಡಿ

ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳೇ ಇರಲಿ. ‘ಉದ್ದ ತೋಳು’ ಎಂದು ಬರೆದರೆ ನಾಳೆ ನಿಮಗೇ ಅರ್ಥವಾಗದು. ‘ತೋಳಿನ ಮೇಲ್ಮೂಳೆ ತೊಡೆಮೂಳೆಗಿಂತ ಉದ್ದವೇ’ ಎಂದು ಬರೆದರೆ ಯಾರು ಅಳೆದರೂ ಒಂದೇ ಉತ್ತರ. ಹಳೆಯ ಸ್ಥಿತಿಗೆ 0, ಹೊಸದಕ್ಕೆ 1. ಆ ಭಾಗವೇ ಸಿಕ್ಕಿಲ್ಲವೆಂದರೆ ಪ್ರಶ್ನಾರ್ಥಕ ಚಿಹ್ನೆ. ಪ್ರಶ್ನೆಯೇ ಅನ್ವಯಿಸದಿದ್ದರೆ ಅಡ್ಡಗೆರೆ. ಉದಾಹರಣೆಗೆ ‘ಹಲ್ಲಿನ ಅಂಚಿನಲ್ಲಿ ಗರಗಸವಿದೆಯೇ’ ಎಂದು ಹಲ್ಲೇ ಇಲ್ಲದ ಕನ್ಫ್ಯೂಷಿಯಸಾರ್ನಿಸ್‌ಗೆ ಕೇಳಿ ಏನು ಪ್ರಯೋಜನ?

ನನ್ನ ಮೊದಲ ಪಟ್ಟಿಯಲ್ಲಿ ಸಿನೊವೆನೇಟರ್‌ನ ಗರಿಗೆ 0 ಬರೆದಿದ್ದೆ. ಚಿತ್ರದಲ್ಲಿ ಗರಿ ಇರಲಿಲ್ಲ, ಬರೆದೆ. ಆಮೇಲೆ ತಿಳಿಯಿತು, ಅದು ಸಿಕ್ಕ ಲುಜಿಯಾಟುನ್ ಪದರದಲ್ಲಿ ಮೂಳೆಗಳು ಮೂರೂ ಆಯಾಮದಲ್ಲಿ ಚೆಂದವಾಗಿ ಉಳಿಯುತ್ತವೆ, ಗರಿ ಉಳಿಯುವುದಿಲ್ಲ. ಅಲ್ಲಿ ಬರೆಯಬೇಕಿದ್ದದ್ದು ಪ್ರಶ್ನಾರ್ಥಕ. ವೆಲೋಸಿರಾಪ್ಟರ್‌ನದೂ ಹೀಗೇ: ಗರಿಯ ಗುರುತು ಒಂದೂ ಇರಲಿಲ್ಲ. 2007ರಲ್ಲಿ ಅದರ ಮುಂಗೈ ಮೂಳೆಯ ಮೇಲೆ ಸಾಲಾಗಿ ಆರು ಗುಬುಟುಗಳು ಕಂಡವು. ಹಕ್ಕಿಗಳಲ್ಲಿ ರೆಕ್ಕೆಗರಿ ಬೇರೂರುವ ಗುಬುಟುಗಳೇ ಅವು. ಮೊದಲೇ 0 ಬರೆದವರು ರಬ್ಬರ್ ಹುಡುಕಬೇಕಾಯಿತು.

ಇನ್ನು, ಬರೆಯುವ ಮುಂಚೆಯೇ ಕೆಲವು ಲಕ್ಷಣ ಕೈಬಿಡಬಹುದು. ಹಕ್ಕಿಯ ಕವಲುಮೂಳೆ (ಬೆಸೆದ ಕೊರಳೆಲುಬುಗಳು), ಹೈಲ್‌ಮನ್ ಇಲ್ಲವೆಂದು ತಿಳಿದದ್ದು, ಅಲೋಸಾರಸ್‌ನಲ್ಲೂ 1996ರಲ್ಲಿ ಗುರುತಿಸಲಾಯಿತು. ಆರೂ ಪ್ರಾಣಿಗೆ ಒಂದೇ ಅಂಕಿ. ಏನನ್ನೂ ಬೇರೆ ಮಾಡದು. ಬಾಲದ ಸಲಾಕೆ ವೆಲೋಸಿರಾಪ್ಟರ್ ಒಂದಕ್ಕೇ. ಬಾಲದ ಕೊನೆಯ ಮಣಿಗಳು ಬೆಸೆದ ಮೋಟು ಕನ್ಫ್ಯೂಷಿಯಸಾರ್ನಿಸ್ ಒಂದಕ್ಕೇ. ಒಬ್ಬನಿಗೇ ಇರುವ ಆಸ್ತಿ ಹಂಚಿಕೊಂಡದ್ದಲ್ಲ, ಅದರಿಂದ ಯಾರೊಂದಿಗೂ ನಂಟು ಸಾಬೀತಾಗದು.

ಹಂತ 5: ಪಟ್ಟಿ ಹಾಕಿ, ಹೆಜ್ಜೆ ಎಣಿಸಿ

ಉಳಿದ ಆರು ಪ್ರಶ್ನೆ, ಈ ಕ್ರಮದಲ್ಲಿ: ಮಣಿಕಟ್ಟಿನಲ್ಲಿ ಪೂರ್ಣ ರಾಟೆಯೇ, ಭುಜದ ಗುಳಿ ಪಕ್ಕಕ್ಕೆ ತಿರುಗಿದೆಯೇ, ಪ್ಯೂಬಿಸ್ ಹಿಂದಕ್ಕೆ ವಾಲಿದೆಯೇ, ಎರಡನೇ ಕಾಲ್ಬೆರಳು ಮೇಲಕ್ಕೆ ಮಡಚುತ್ತದೆಯೇ, ತೋಳಿನ ಮೇಲ್ಮೂಳೆ ತೊಡೆಮೂಳೆಗಿಂತ ಉದ್ದವೇ, ಹಲ್ಲು ಪೂರ್ತಿ ಮಾಯವೇ.

ಅಲೋಸಾರಸ್: 0 0 0 0 0 0
ಸಿಟಿಪಾಟಿ: 1 0 0 0 0 1
ವೆಲೋಸಿರಾಪ್ಟರ್: 1 1 1 1 0 0
ಸಿನೊವೆನೇಟರ್: 1 1 1 1 0 0
ಆರ್ಕಿಯಾಪ್ಟೆರಿಕ್ಸ್: 1 1 1 1 1 0
ಕನ್ಫ್ಯೂಷಿಯಸಾರ್ನಿಸ್: 1 1 1 0 1 1

ಈಗ ಒಂದು ಮರ ಬರೆಯಿರಿ. ಪ್ರತಿ ಲಕ್ಷಣಕ್ಕೂ ಆ ಮರದಲ್ಲಿ ಕನಿಷ್ಠ ಎಷ್ಟು ಸಲ ಬದಲಾವಣೆ ಆಗಿರಬೇಕು ಎಂದು ಎಣಿಸಿ. ಒಂದು ಬದಲಾವಣೆ ಒಂದು ಹೆಜ್ಜೆ. ಒಟ್ಟು ಹೆಜ್ಜೆ ಕಡಿಮೆಯಾದಷ್ಟೂ ಮರ ಉತ್ತಮ.

ಮೊದಲ ಮರ: ಬುಡದಲ್ಲಿ ಅಲೋಸಾರಸ್, ಆಮೇಲೆ ಸಿಟಿಪಾಟಿ, ಅದರ ಮೇಲೆ ಎರಡು ಕವಲು. ಒಂದರಲ್ಲಿ ವೆಲೋಸಿರಾಪ್ಟರ್-ಸಿನೊವೆನೇಟರ್, ಇನ್ನೊಂದರಲ್ಲಿ ಆರ್ಕಿಯಾಪ್ಟೆರಿಕ್ಸ್-ಕನ್ಫ್ಯೂಷಿಯಸಾರ್ನಿಸ್. ಮಣಿಕಟ್ಟು, ಭುಜ, ಪ್ಯೂಬಿಸ್ ತಲಾ ಒಂದು ಹೆಜ್ಜೆ. ಕಾಲ್ಬೆರಳಿಗೆ ಎರಡು, ಏಕೆಂದರೆ ನಾಲ್ಕರ ಪೂರ್ವಜನಲ್ಲಿ ಬಂದು ಕನ್ಫ್ಯೂಷಿಯಸಾರ್ನಿಸ್‌ನಲ್ಲಿ ಹೋಗಿರಬೇಕು. ತೋಳಿಗೆ ಒಂದು. ಹಲ್ಲು ಸಿಟಿಪಾಟಿಯಲ್ಲೊಮ್ಮೆ, ಕನ್ಫ್ಯೂಷಿಯಸಾರ್ನಿಸ್‌ನಲ್ಲೊಮ್ಮೆ ಹೋಗಿದೆ, ಎರಡು. ಒಟ್ಟು 8.

ಎರಡನೇ ಮರ: ಆರ್ಕಿಯಾಪ್ಟೆರಿಕ್ಸ್‌ಅನ್ನು ಕನ್ಫ್ಯೂಷಿಯಸಾರ್ನಿಸ್‌ನಿಂದ ಕಿತ್ತು ವೆಲೋಸಿರಾಪ್ಟರ್ ಕವಲಿಗೆ ಸೇರಿಸಿ. ಕಾಲ್ಬೆರಳಿಗೆ ಒಂದೇ ಹೆಜ್ಜೆ ಸಾಕಾಗುತ್ತದೆ, ಆದರೆ ತೋಳಿಗೆ ಎರಡಾಗುತ್ತದೆ. ಒಟ್ಟು ಮತ್ತೆ 8.

ಮೂರನೆಯದು: ಕೊಕ್ಕನ್ನೇ ನಂಬಿ ಸಿಟಿಪಾಟಿ-ಕನ್ಫ್ಯೂಷಿಯಸಾರ್ನಿಸ್ ಜೋಡಿ ಮಾಡಿ, ಉಳಿದ ಮೂರನ್ನು ಪಕ್ಕದ ಕವಲಿಗೆ ಹಾಕಿ. ಹಲ್ಲಿನಲ್ಲಿ ಒಂದು ಹೆಜ್ಜೆ ಉಳಿಯುತ್ತದೆ, ಕಾಲ್ಬೆರಳಿನಲ್ಲೂ ಒಂದು ಉಳಿಯುತ್ತದೆ. ಆದರೆ ಭುಜ, ಪ್ಯೂಬಿಸ್, ತೋಳು ಮೂರೂ ಎರಡೆರಡಾಗುತ್ತವೆ. ಒಟ್ಟು 9. ಸೋತಿತು, ಒಂದೇ ಹೆಜ್ಜೆಯಿಂದ. ಆರೇ ಲಕ್ಷಣಗಳ ಪಟ್ಟಿಯಲ್ಲಿ ಗೆಲುವು-ಸೋಲಿನ ಅಂತರ ಇಷ್ಟೇ ಇರುತ್ತದೆ.

8 ಹೆಜ್ಜೆಯ ಮರಗಳು ಇನ್ನೂ ಇವೆ, ಬಿಡುವಿದ್ದರೆ ಹುಡುಕಿ. ಹೀಗೆ ಸಮಬಲವಾದ ಮರಗಳೆಲ್ಲ ಒಪ್ಪುವುದನ್ನು ಮಾತ್ರ ಉಳಿಸಿ ಒಂದು ಒಮ್ಮತದ ಮರ ಬರೆಯುವುದು ರೂಢಿ. ನಮ್ಮ ಪಟ್ಟಿಯಿಂದ ಬರುವ ಒಮ್ಮತ: ಸಿಟಿಪಾಟಿ ಹೊರಗೆ, ಉಳಿದ ನಾಲ್ಕೂ ಒಂದೇ ಗಂಟಿನಿಂದ ಹೊರಟ ನಾಲ್ಕು ಕಡ್ಡಿಗಳು. ಪರಾವೀಸ್ ಗುಂಪು ಗಟ್ಟಿ, ಒಳಗಿನ ಜಗಳ ಬಗೆಹರಿದಿಲ್ಲ.

ಇದು ಆಟದ ಪಟ್ಟಿ ಎಂದು ತಳ್ಳಿಹಾಕಬೇಡಿ. ನಿಜವಾದ ವಿವಾದವೂ ಹೀಗೇ ನಡೆಯಿತು. 2011ರಲ್ಲಿ ಚೀನಾದ ಪಳೆಯುಳಿಕೆ ತಜ್ಞ ಷೂ ಷಿಂಗ್ ಮತ್ತು ಜೊತೆಗಾರರು ಷಿಯಾವೊಟಿಂಗಿಯಾ ಎಂಬ ಹೊಸ ಪ್ರಾಣಿಯನ್ನು ಪಟ್ಟಿಗೆ ಸೇರಿಸಿದಾಗ ಆರ್ಕಿಯಾಪ್ಟೆರಿಕ್ಸ್ ಹಕ್ಕಿಗಳ ಕವಲಿನಿಂದ ಜಾರಿ ಕುಡುಗೋಲುಗುರಿನ ಬಳಗಕ್ಕೆ ಬಿತ್ತು. 1861ರಲ್ಲಿ ಹೆಸರು ಪಡೆದಾಗಿನಿಂದ ‘ಮೊದಲ ಹಕ್ಕಿ’ ಎನಿಸಿಕೊಂಡದ್ದಕ್ಕೆ ಈ ಗತಿ! ಅದೇ ದತ್ತಾಂಶವನ್ನು ಬೇರೆ ಗಣನಾ ವಿಧಾನಕ್ಕೆ ಒಡ್ಡಿದವರು ಅದನ್ನು ಮರಳಿ ಹಕ್ಕಿಗಳ ಜೊತೆ ಕಂಡರು. 2013ರಲ್ಲಿ ಆರಾರ್ನಿಸ್ ಎಂಬ ಇನ್ನೊಂದು ಪ್ರಾಣಿ ಸೇರಿದ ಪಟ್ಟಿಯಲ್ಲೂ ಅದು ಹಕ್ಕಿಗಳ ಕಡೆಗೇ ಬಂತು.

ಈಗ ನಮ್ಮ ಪಟ್ಟಿಯ ಒಂದೇ ಒಂದು ಚೌಕಕ್ಕೆ ಬನ್ನಿ: ಆರ್ಕಿಯಾಪ್ಟೆರಿಕ್ಸ್‌ನ ಕಾಲ್ಬೆರಳು. ಅಲ್ಲಿ 1 ಎಂದು ಬರೆದದ್ದು 2005ರಲ್ಲಿ ಪ್ರಕಟವಾದ ಥರ್ಮೊಪೊಲಿಸ್ ಮಾದರಿ ಎಂಬ ಆರ್ಕಿಯಾಪ್ಟೆರಿಕ್ಸ್ ಪಳೆಯುಳಿಕೆಯ ಬಲದಿಂದ. ಅದರ ಎರಡನೇ ಬೆರಳು ಮೇಲಕ್ಕೆ ಮಡಚುವಂತಿತ್ತು ಎಂದು ಗೆರಾಲ್ಡ್ ಮೈರ್ ಮತ್ತು ಜೊತೆಗಾರರು ಬರೆದರು, ಎಲ್ಲರೂ ಒಪ್ಪಲಿಲ್ಲ. ನೀವೂ ಒಪ್ಪದೆ ಅಲ್ಲಿ ಪ್ರಶ್ನಾರ್ಥಕ ಹಾಕಿ ಮತ್ತೆ ಎಣಿಸಿ. ಮೊದಲ ಮರ 7 ಹೆಜ್ಜೆಗೆ ಇಳಿಯುತ್ತದೆ, ಎರಡನೆಯದು 8ರಲ್ಲೇ ನಿಲ್ಲುತ್ತದೆ. ಒಂದು ಗೆಣ್ಣಿನ ಬಗ್ಗೆ ಮನಸ್ಸು ಬದಲಾದರೆ ಆರ್ಕಿಯಾಪ್ಟೆರಿಕ್ಸ್ ಮತ್ತೆ ಹಕ್ಕಿ.

ಹಂತ 6: ಎಲ್ಲೆಲ್ಲಿ ಮೋಸ ಹೋಗುತ್ತೀರಿ

ಒಂದೇ ಕೆಲಸ ಮಾಡುವ ಅಂಗಗಳು ಒಂದೇ ರೂಪ ತಾಳುತ್ತವೆ. 1993ರಲ್ಲಿ ಗೋಬಿ ಮರುಭೂಮಿಯಿಂದ ವರದಿಯಾದ ಮೊನೊನೈಕಸ್‌ಗೆ ಎದೆಮೂಳೆಯಲ್ಲಿ ಹಕ್ಕಿಯಂಥ ಏಣು ಇತ್ತು, ಕಾಲಿನ ಹೊರಮೂಳೆ ಸವೆದಿತ್ತು. ಹಾರಲಾರದ ಹಕ್ಕಿ ಎಂದೇ ವಿವರಿಸಿದರು. ಆದರೆ ಕೈ ನೋಡಿ: ಮೋಟು, ದಪ್ಪ, ತುದಿಯಲ್ಲಿ ಒಂದೇ ದೊಡ್ಡ ಉಗುರು. 2010ರಲ್ಲಿ ಹ್ಯಾಪ್ಲೊಕೈರಸ್ ಸಿಕ್ಕಿತು. ಆರ್ಕಿಯಾಪ್ಟೆರಿಕ್ಸ್‌ಗಿಂತ ಹಳೆಯದು, ಮೂರು ಬೆರಳಿನ ಸಾಮಾನ್ಯ ಕೈ, ಆದರೂ ಮೊನೊನೈಕಸ್ ಬಳಗದ್ದೇ. ಬಳಗದ ಬುಡದಲ್ಲಿ ಹಕ್ಕಿಯ ಛಾಯೆ ಇರಲಿಲ್ಲವೆಂದ ಮೇಲೆ, ಏಣು ಆಮೇಲೆ, ಸ್ವತಂತ್ರವಾಗಿ ಬಂದದ್ದು. ಏಣು ಬಲವಾದ ಎದೆಸ್ನಾಯುವಿಗೆ ಆಸರೆ. ಆ ಸ್ನಾಯು ರೆಕ್ಕೆ ಬಡಿಯಲೂ ಬೇಕು, ನೆಲ ಕೆದರಲೂ ಬೇಕು. ಹಾಗಾಗಿ ಏಣು, ತೋಳು, ಭುಜ ಇವನ್ನು ಹತ್ತು ಪ್ರಶ್ನೆಯಾಗಿ ಒಡೆದು ಹತ್ತು ಸಾಕ್ಷಿ ಎಂದು ಎಣಿಸಬೇಡಿ. ಒಂದೇ ಕೆಲಸಕ್ಕೆ ಸೇರಿದ ಲಕ್ಷಣಗಳು ಒಬ್ಬನೇ ಸಾಕ್ಷಿ ಹತ್ತು ಸಲ ಕಟಕಟೆ ಹತ್ತಿದಂತೆ.

ಹಲ್ಲೊಂದೇ ಕೈಲಿದ್ದರೆ ಸುಮ್ಮನಿರುವುದು ಲೇಸು. ಟ್ರೂಡಾನ್ ಎಂಬ ಹೆಸರು 1856ರಲ್ಲಿ ಜೋಸೆಫ್ ಲೈಡಿ ಒಂದೇ ಹಲ್ಲಿಗೆ ಇಟ್ಟದ್ದು. ಅದನ್ನು ಮೊದಲು ಹಲ್ಲಿಯ ಜಾತಿ ಎಂದರು, 1924ರಲ್ಲಿ ಗುಮ್ಮಟದ ತಲೆಯ ಗಿಡತಿಂಡಿ ಡೈನೊಸಾರ್‌ಗಳ ಜೊತೆ ಸೇರಿಸಿದರು, ಹಕ್ಕಿಗೆ ಹತ್ತಿರದ ಮಾಂಸಾಹಾರಿ ಬಳಗದ್ದೆಂದು ಒಪ್ಪಲು 1980ರ ದಶಕದವರೆಗೂ ಕಾಯಬೇಕಾಯಿತು.

ಮರಿಗಳ ವಿಷಯದಲ್ಲಿ ಜಾಗರೂಕರಾಗಿರಿ. ಮೋಟು ಮೂತಿ, ದೊಡ್ಡ ಕಣ್ಣು, ಬೆಸೆಯದ ಮೂಳೆ ಇವು ಎಷ್ಟೋ ಡೈನೊಸಾರ್ ಮರಿಗಳಲ್ಲಿ ಇರುತ್ತವೆ, ಹಕ್ಕಿಯ ಲಕ್ಷಣವೆಂದು ಕಾಣುತ್ತವೆ. ಬೆನ್ನಿನ ಮಣಿಗಳ ಬೆಸುಗೆಗೆರೆ ಮಾಸಿದೆಯೇ ಎಂದು ಮೊದಲು ನೋಡಿ, ಆಮೇಲೆ ಅಂಕಿ ಬರೆಯಿರಿ.

ಕಲ್ಲೇ ಸುಳ್ಳು ಹೇಳುವುದೂ ಉಂಟು. 1999ರಲ್ಲಿ ಭಾರಿ ಪ್ರಚಾರ ಪಡೆದ ಆರ್ಕಿಯೊರಾಪ್ಟರ್ ಎಂಬ ಪಳೆಯುಳಿಕೆಯಲ್ಲಿ ಯಾನೊರ್ನಿಸ್ ಎಂಬ ಹಕ್ಕಿಯ ಮೈಗೆ ಮೈಕ್ರೊರಾಪ್ಟರ್ ಎಂಬ ಡ್ರೋಮಿಯೋಸಾರ್‌ನ ಬಾಲ ಅಂಟಿಸಲಾಗಿತ್ತು. ಬಾಲದ ಇನ್ನೊಂದು ಮಗ್ಗುಲಿನ ಕಲ್ಲು ಷೂ ಷಿಂಗ್ ಕೈಗೆ ಸಿಕ್ಕಿ ಗುಟ್ಟು ಬಯಲಾಯಿತು. ಪಟ್ಟಿಯಲ್ಲಿ ಒಂದು ಪ್ರಾಣಿಯ ಮುಂಭಾಗ ಒಂದು ಕಡೆಗೆ, ಹಿಂಭಾಗ ಇನ್ನೊಂದು ಕಡೆಗೆ ಎಳೆದರೆ, ವಿಕಾಸದ ಸಿದ್ಧಾಂತ ಹೊಸೆಯುವ ಮುಂಚೆ ಕಲ್ಲಿನ ಬಿರುಕುಗಳನ್ನು ನೋಡಿ.

ಹಂತ 7: ಕಂಪ್ಯೂಟರಿಗೆ ಕೊಡುವುದು

ಆರು ಪ್ರಾಣಿ ದಾಟಿದರೆ ಕೈಯೆಣಿಕೆ ಸಾಗದು. ಆರಕ್ಕೇ, ಬುಡ ಗುರುತಿಸಿದ ಮರಗಳು 945 ಬಗೆಯವು. ಹತ್ತಕ್ಕೆ 3.4 ಕೋಟಿ ದಾಟುತ್ತವೆ. ವೃತ್ತಿಪರರ ಪಟ್ಟಿಗಳಲ್ಲಿ 800ಕ್ಕೂ ಹೆಚ್ಚು ಲಕ್ಷಣಗಳಿರುತ್ತವೆ. ಟಿಎನ್‌ಟಿ ಎಂಬ ಉಚಿತ ತಂತ್ರಾಂಶ ಇದಕ್ಕೆಂದೇ ಇದೆ. ಮೆಸ್ಕ್ವಿಟ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಪಟ್ಟಿ ತುಂಬಿ, ಮರದ ಮೇಲೆ ಯಾವ ಲಕ್ಷಣ ಎಲ್ಲಿ ಬದಲಾಯಿತೆಂದು ಬಣ್ಣದಲ್ಲಿ ನೋಡಬಹುದು. ಅಲ್ಲಿಯೂ ಹುಡುಕಾಟವಷ್ಟೇ ಯಂತ್ರದ್ದು, 0 ಮತ್ತು 1 ನಿಮ್ಮವೇ.

ಹಂತ 8: ಹೆಸರು ಬರೆಯುವಾಗ

ಗುಂಪಿನ ಹೆಸರು ಲಕ್ಷಣದ ಹೆಸರಲ್ಲ. ಮನಿರಾಪ್ಟೊರಾ ಎಂದರೆ ‘ಅರ್ಧಚಂದ್ರ ಮೂಳೆ ಇರುವವು’ ಎಂದಲ್ಲ. ಉಷ್ಟ್ರಪಕ್ಷಿಯಂಥ ಡೈನೊಸಾರ್ ಆರ್ನಿಥೊಮೈಮಸ್‌ಗಿಂತ ಹಕ್ಕಿಗೆ ಹತ್ತಿರವಾದವೆಲ್ಲ ಎಂದು ಅರ್ಥ. ಮೂಳೆ ಸಾಕ್ಷಿ, ನಂಟು ತೀರ್ಪು. ಮೊನೊನೈಕಸ್‌ನ ಕೈ ಎಷ್ಟೇ ವಿಚಿತ್ರವಾಗಿ ಮಾರ್ಪಟ್ಟರೂ ಅದು ಆ ಗುಂಪಿನದ್ದೇ.

ರೊಮೇನಿಯಾದ ಬಾಲೌರ್‌ನ ಕಥೆ ಇಲ್ಲಿ ಹೇಳಲೇಬೇಕು. 2010ರಲ್ಲಿ ಅದನ್ನು ವೆಲೋಸಿರಾಪ್ಟರ್‌ನ ಬಂಧು ಎಂದು ವಿವರಿಸಿದರು. ಪ್ರತಿ ಪಾದದಲ್ಲೂ ಎರಡು ಕುಡುಗೋಲು: ಎರಡನೇ ಬೆರಳಿನ ಜೊತೆ ಹೆಬ್ಬೆರಳೂ ದೊಡ್ಡದು, ಎತ್ತಿ ಹಿಡಿಯಬಲ್ಲದು. ದ್ವೀಪದಲ್ಲಿ ಬೆಳೆದ ವಿಲಕ್ಷಣ ಡ್ರೋಮಿಯೋಸಾರ್ ಎಂದು ಸುದ್ದಿಯಾಯಿತು. 2015ರಲ್ಲಿ ಆಂಡ್ರಿಯಾ ಕಾವ್ ಮತ್ತು ಜೊತೆಗಾರರು ಅದೇ ಮೂಳೆಗಳನ್ನು ಬೇರೆ ರೀತಿ ಓದಿದರು. ಬೆಸೆದುಕೊಂಡ ಹಸ್ತ, ಬೆಸೆದ ಪಾದದ ಮೂಳೆಗಳು, ಕ್ಷೀಣಿಸಿದ ಮೂರನೇ ಕೈಬೆರಳು, ದೊಡ್ಡ ಕಾಲ್ಹೆಬ್ಬೆರಳು ಇವೆಲ್ಲ ಡ್ರೋಮಿಯೋಸಾರ್‌ಗೆ ವಿಚಿತ್ರ, ಹಕ್ಕಿಗೆ ಮಾಮೂಲಿ. ಹಕ್ಕಿಗಳ ಕವಲಿನಲ್ಲಿಟ್ಟರೆ ‘ಎರಡನೇ ಕುಡುಗೋಲು’ ಎಂಬ ಪವಾಡವೇ ಬೇಕಾಗದು.

ಮಡಗಾಸ್ಕರ್‌ನ ರಹೋನಾವಿಸ್ ಇನ್ನೂ ಹಟಮಾರಿ. ಮುಂಗೈಯಲ್ಲಿ ಗರಿಯ ಗುಬುಟು, ಕಾಲಲ್ಲಿ ಕುಡುಗೋಲುಗುರು. 1998ರಲ್ಲಿ ಹಕ್ಕಿಯೆಂದು ಹೆಸರಿಟ್ಟರು. ಆಮೇಲೆ ಬ್ಯುಟ್ರೆರಾಪ್ಟರ್‌ನ ಬಳಗಕ್ಕೆ ಹೋಯಿತು, ಕೆಲವು ಪಟ್ಟಿಗಳಲ್ಲಿ ಮತ್ತೆ ಹಕ್ಕಿಗಳ ಕಡೆ ಬರುತ್ತದೆ. ಇಂಥದ್ದು ನಿಮ್ಮ ಹಾಳೆಯಲ್ಲಿ ಎದುರಾದರೆ ಒಳಗಿನ ಕವಲು ಬರೆಯುವ ಆತುರ ಬೇಡ. ಸಮಬಲದ ಮರಗಳೆಲ್ಲ ಒಪ್ಪುವ ಗಂಟಿನವರೆಗೆ ಇಳಿದು, ಅಲ್ಲಿಯ ಹೆಸರನ್ನಷ್ಟೇ ಬರೆಯಿರಿ: ರಹೋನಾವಿಸ್, ಪರಾವೀಸ್. ಪಕ್ಕದಲ್ಲಿ ತಾರೀಖು ಹಾಕಿ, ಪೆನ್ಸಿಲಿನಲ್ಲಿ.